ನಾಲ್ಕು ಗಂಟೆಗೆ ಏಳಮ್ಮ

ಓದುವ ಹೆಂಗಸಿಗೆ ಊರೆಲ್ಲ ಕೊಡುವ ಪುಕ್ಕಟೆ ಸಲಹೆ ಒಂದೇ: "ಬೆಳಗಿನ ಜಾವ ನಾಲ್ಕಕ್ಕೆ ಏಳಮ್ಮ, ಸರಸ್ವತಿ ಓಡಾಡುವ ಹೊತ್ತು ಅದು." 2012ರಲ್ಲಿ, ನನ್ನ 38ನೆಯ ವಯಸ್ಸಿನಲ್ಲಿ, ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಕಂಪ್ಯೂಟರ್ ವಿಜ್ಞಾನದ ಪಿಎಚ್.ಡಿ.ಗೆ ಸೇರಿದಾಗ ಹಾಲಿನವನಿಂದ ಹಿಡಿದು ಪ್ರಿನ್ಸಿಪಾಲರವರೆಗೆ ಎಲ್ಲರೂ ಇದನ್ನೇ ಹೇಳಿದರು. ಸರಸ್ವತಿ ಓಡಾಡುತ್ತಿದ್ದಿರಬಹುದು. ಆಕೆಗೆ ಏಳಕ್ಕೆ ತಿಂಡಿ, ಏಳೂವರೆಗೆ ಮೂರು ಡಬ್ಬಿ, ಎಂಟೂಕಾಲಿಗೆ ಬಸ್ಸು ಇರಲಿಲ್ಲವಲ್ಲ!

ನಾಲ್ಕಕ್ಕೆ ಏಳಬೇಕಾದರೆ ಒಂಬತ್ತಕ್ಕೆ ಮಲಗಬೇಕು. ನಮ್ಮ ಮನೆಯಲ್ಲಿ ಒಂಬತ್ತಕ್ಕೆ ತಟ್ಟೆ ಹಾಕುತ್ತಾರೆ. ಅಂದರೆ ಸಲಹೆಯ ಒಳಗುಟ್ಟು ಇಷ್ಟೇ: ಮನೆಯ ಯಾವ ಕೆಲಸವೂ ಕದಲಬಾರದು, ಯಾರ ಕಾಫಿಯೂ ತಡವಾಗಬಾರದು, ಓದಿಗೆ ಬೇಕಾದ ಹೊತ್ತನ್ನು ಅವಳು ತನ್ನ ನಿದ್ದೆಯಿಂದಲೇ ಕಡ ತರಬೇಕು.

ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ ಎಂಬಾತ 1980ರ ದಶಕದ ಕೊನೆಯಲ್ಲಿ, ತಾನು ವಿದ್ಯಾರ್ಥಿಯಾಗಿದ್ದಾಗ, ಟೊಮೆಟೊ ಆಕಾರದ ಅಡುಗೆಮನೆಯ ಗಡಿಯಾರವನ್ನು ಓದುವ ಮೇಜಿನ ಮೇಲಿಟ್ಟುಕೊಂಡನಂತೆ. 25 ನಿಮಿಷ ಓದು, 5 ನಿಮಿಷ ಬಿಡುವು. ಈಗ ಅದು ಜಗತ್ತೆಲ್ಲ ಹೆಸರಾದ ಪದ್ಧತಿ. ಅವನು ಅಡುಗೆಮನೆಯ ಗಡಿಯಾರವನ್ನು ಓದಿನ ಮೇಜಿಗೆ ತಂದ, ನಾನು ಓದಿನ ಮೇಜನ್ನೇ ಅಡುಗೆಮನೆಗೆ ತಂದೆ. ನನ್ನ ಹೊತ್ತು ಅಳೆಯಲು ಕುಕ್ಕರಿನ ವಿಶಲ್ಲೇ ಇತ್ತು. ಮೂರು ವಿಶಲ್ಲಿಗೆ ಒಂದು ಪ್ರಬಂಧದ ಸಾರಾಂಶ ಮುಗಿಯುತ್ತಿತ್ತು.

ಆದರೆ ಎಲ್ಲ ಕೆಲಸವೂ ಮೂರು ವಿಶಲ್ಲಿಗೆ ಬೇಯುವುದಿಲ್ಲ. ಮುದ್ರಿತ ಕನ್ನಡ ಪುಟವನ್ನು ಕಂಪ್ಯೂಟರಿಗೆ ಓದಿಸುವುದು ನನ್ನ ವಿಷಯ. ಇಂಗ್ಲಿಷ್ ಅಕ್ಷರಗಳು ಮುದ್ರಣದಲ್ಲಿ ಸಾಮಾನ್ಯವಾಗಿ ಒಂದರ ಪಕ್ಕ ಒಂದು ಶಿಸ್ತಾಗಿ ನಿಲ್ಲುತ್ತವೆ. ನಮ್ಮ 'ಸ್ತ್ರೀ' ಎಂಬ ಅಕ್ಷರವನ್ನೇ ನೋಡಿ: ಸಕಾರ, ಅದಕ್ಕೊಂದು ತಕಾರದ ಒತ್ತು, ರಕಾರದ ಒತ್ತು, ಮೇಲೊಂದು ಗುಡಿಸು, ಕೊನೆಗೊಂದು ದೀರ್ಘ. ಹೆಸರಿನಲ್ಲೇ ಇಷ್ಟು ಹೊರೆ! ಸಾಲುಗಳನ್ನು ಕತ್ತರಿಸಿ ಬೇರ್ಪಡಿಸುವಾಗ ಕೆಳಗಿನ ಒತ್ತು ಮೇಲಿನ ಅಕ್ಷರಕ್ಕೆ ಸೇರಿದ್ದೋ, ಕೆಳಗಿನ ಸಾಲಿನದೋ ಎಂದು ಯಂತ್ರ ತಬ್ಬಿಬ್ಬಾಗುತ್ತದೆ. ಅದನ್ನು ಬಿಡಿಸುವ ದಾರಿ ಹುಡುಕಲು ಹತ್ತು ಸಂಗತಿಗಳನ್ನು ಒಟ್ಟಿಗೆ ತಲೆಯಲ್ಲಿ ಹಿಡಿದಿಟ್ಟುಕೊಳ್ಳಬೇಕು. ಹಿಡಿಯುವುದಕ್ಕೇ ಅರ್ಧ ಗಂಟೆ ಬೇಕು. "ಏನಮ್ಮ, ಸುಮ್ಮನೆ ಕೂತಿದ್ದೀಯಲ್ಲ, ಈ ಬೆಳ್ಳುಳ್ಳಿ ಬಿಡಿಸಿಕೊಡು" ಎಂದು ಅತ್ತೆ ಕೂಗಿದರೆ ಹತ್ತೂ ಚೆಲ್ಲಾಪಿಲ್ಲಿ.

ಅತ್ತೆಯದು ತಪ್ಪಲ್ಲ. ಬೆರಳು ಕೀಲಿಮಣೆಯ ಮೇಲಿದ್ದರೆ ಸೊಸೆ ಕೆಲಸದಲ್ಲಿದ್ದಾಳೆ. ಕಿಟಕಿಯಾಚೆ ನೋಡುತ್ತಿದ್ದರೆ ಬಿಡುವಾಗಿದ್ದಾಳೆ. ಯೋಚನೆಗೆ ಸದ್ದಿಲ್ಲ ನೋಡಿ, ಅದೇ ತೊಂದರೆ.

ಆದ್ದರಿಂದ ಕೆಲಸಗಳನ್ನು ಅಕ್ಕಿ ಆರಿಸಿದಂತೆ ಎರಡು ಮಾಡಿದೆ. ಚೂರು ಹೊತ್ತಿಗೆ ಒಗ್ಗುವುದು ಒಂದು ಕಡೆ: ಪುಟಗಳ ಸ್ಕ್ಯಾನಿಂಗ್, ಅಕ್ಷರಗಳಿಗೆ ಗುರುತು ಹಚ್ಚುವುದು, ಪಟ್ಟಿ ತಿದ್ದುವುದು. ಯಂತ್ರವೇ ಮಾಡುವಂಥದು ಇನ್ನೊಂದು ಕಡೆ. ಯಂತ್ರಕ್ಕೆ ಅಕ್ಷರ ಕಲಿಸಲು ಗಂಟೆಗಟ್ಟಲೆ ಬೇಕು. ಅದನ್ನು ಇಡ್ಲಿ ಹಿಟ್ಟಿನ ಹಾಗೆ ರಾತ್ರಿಯೇ ಹಾಕಿಟ್ಟು ಮಲಗುತ್ತಿದ್ದೆ. ಹಿಟ್ಟು ಹುದುಗುವ ಹೊತ್ತಿಗೆ ಅದೂ ಮುಗಿದಿರುತ್ತಿತ್ತು. ನಡುವೆ ಕರೆಂಟು ಹೋದೀತೆಂದು ಆಗಾಗ ಕಲಿತಷ್ಟನ್ನು ಉಳಿಸಿಕೊಳ್ಳುವ ಏರ್ಪಾಟೂ ಇತ್ತು. ಅದನ್ನು ನೋಡಿ ನಾನೂ ಒಂದು ರೂಢಿ ಮಾಡಿಕೊಂಡೆ: ಮೇಜು ಬಿಟ್ಟೇಳುವ ಮೊದಲು, ಮುಂದೇನು ಮಾಡಬೇಕೆಂದು ಒಂದು ಸಾಲು ಬರೆದಿಡುವುದು. ಮರುದಿನ ಎಲ್ಲಿದ್ದೆನೆಂದು ತಡಕಾಡುವುದು ತಪ್ಪಿತು.

ಉಳಿದದ್ದು ಒಂದೇ, ಯೋಚನೆ. ಅದಕ್ಕೆ ಅಖಂಡ ಹೊತ್ತೇ ಬೇಕು. ಕಂಪ್ಯೂಟರ್ ವಿಜ್ಞಾನದ ಹಿರಿಯರಾದ ಡೊನಾಲ್ಡ್ ನುತ್ 1990ರ ಜನವರಿ 1ರಿಂದ ಇ-ಮೇಲನ್ನೇ ಬಿಟ್ಟರು. ದೀರ್ಘಕಾಲ, ಅಡ್ಡಿಯಿಲ್ಲದೆ ಕೂರದಿದ್ದರೆ ತಮ್ಮ ಕೆಲಸ ಆಗದೆಂಬುದು ಅವರ ವಾದ. ಬಂದ ಪತ್ರಗಳನ್ನು ನೋಡಿಕೊಳ್ಳಲು ಅವರಿಗೊಬ್ಬ ಕಾರ್ಯದರ್ಶಿ ಇದ್ದರು. ಗ್ಯಾಸಿನವನಿಗೆ, ಮಗಳ ಶಾಲೆಗೆ, ನೆಂಟರ ಫೋನಿಗೆ ನನ್ನ ಕಾರ್ಯದರ್ಶಿ ಯಾರು?

ನನ್ನ ಜೊತೆಗೇ ಸೇರಿದ್ದ ಗೆಳತಿ ಆ ವರ್ಷ ಸಂಶೋಧನೆ ಬಿಟ್ಟಳು. ಗಣಿತದಲ್ಲಿ ನನಗಿಂತ ಚುರುಕು. "ರಾತ್ರಿ ಎದ್ದು ಎದ್ದು ಸಾಕಾಯ್ತು ಕಣೇ" ಎಂದಳು, ಅಷ್ಟೇ. ಆ ಮಾತು ಕೇಳಿದ ದಿನ ರಾತ್ರಿ ಊಟಕ್ಕೆ ಕೂತಾಗ ನಾನು ಬಾಯಿಬಿಟ್ಟು ಕೇಳಿದೆ: "ಸಂಜೆ ಐದರಿಂದ ಏಳರವರೆಗೆ ನಾನು ಊರಲ್ಲಿಲ್ಲ ಅಂದುಕೊಳ್ಳಿ." ನಮ್ಮವರು ನಕ್ಕರು. ಅತ್ತೆ ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಸಂಜೆ ಕಾಫಿ ನಾನು ಮಾಡ್ತೀನಿ, ರಾತ್ರಿ ಅನ್ನಕ್ಕೆ ನೀನಿಡಪ್ಪ" ಎಂದು ಮಗನಿಗೆ ಹೇಳಿದರು. ಮೊದಮೊದಲು ಅನ್ನ ಮುದ್ದೆಯಾಯಿತು, ಕರೆಯೂ ಬಂತು. ಬರಬರುತ್ತ ಎರಡೂ ಸರಿಹೋದವು. ಒತ್ತಕ್ಷರದ ಸಿಕ್ಕು ಬಿಡಿಸುವ ದಾರಿ ನನಗೆ ಹೊಳೆದದ್ದು ಅಂಥದೊಂದು ಸಂಜೆ ಆರೂವರೆಗೆ.

ಎಲ್ಲ ಮನೆಯಲ್ಲೂ ಹೀಗೆ ಆಗುವುದಿಲ್ಲವೆಂದು ಬಲ್ಲೆ. ಸರ್ಕಾರವೇ 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ದುಡಿದರೆ, ಗಂಡಸರು 88 ನಿಮಿಷ. ಈ ಲೆಕ್ಕ ಯಾವ ಟೊಮೆಟೊ ಗಡಿಯಾರದಿಂದಲೂ ಸರಿಹೋಗುವಂಥದಲ್ಲ.

ಈಗ ನನ್ನ ಬಳಿಯೂ ಹೆಣ್ಣುಮಕ್ಕಳು ಸಂಶೋಧನೆಗೆ ಬರುತ್ತಾರೆ. ಅಂದವಾಗಿ ಗೆರೆ ಹಾಕಿದ ವೇಳಾಪಟ್ಟಿ ತಂದು ತೋರಿಸುತ್ತಾರೆ. ಅದರಲ್ಲಿ ನಾಲ್ಕು ಗಂಟೆಯ ಸಾಲು ಕಂಡರೆ ನಾನೇ ಹೊಡೆದುಹಾಕುತ್ತೇನೆ. ಆಮೇಲೆ ಕೇಳುತ್ತೇನೆ: "ಇದನ್ನು ನನಗೆ ತೋರಿಸಿದೆ ಸರಿ. ಮನೆಯಲ್ಲಿ ತೋರಿಸಿದೆಯಾ?"