ಮೇಕೆದಾಟಿಗೆ ಹೊರಡುವ ಮುನ್ನ

ಕೆಂಗೇರಿಯಲ್ಲಿ ವೃಷಭಾವತಿಯನ್ನು ದಾಟುವಾಗ ಮೂಗು ಮುಚ್ಚಿಕೊಳ್ಳುವ ಮಂದಿಗೆ, ಆ ನೀರಿಗೂ ಮೇಕೆದಾಟಿಗೂ ನೆಂಟಸ್ತನವುಂಟೆಂಬುದು ಸಾಮಾನ್ಯವಾಗಿ ಹೊಳೆಯುವುದಿಲ್ಲ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂಬ ಐತಿಹ್ಯವುಳ್ಳ ಈ ನದಿ, ನಗರದ ಕೊಳೆಯನ್ನೆಲ್ಲ ಹೊತ್ತು ಕೆಂಗೇರಿಯನ್ನು ಹಾದು, ಬಿಡದಿಯಾಚೆ ಭೈರಮಂಗಲದ ಕೆರೆಯಲ್ಲಿ ತುಸು ತಂಗಿ, ಮುಂದೆ ಅರ್ಕಾವತಿಯನ್ನು ಕೂಡಿಕೊಳ್ಳುತ್ತದೆ. ನಂದಿಬೆಟ್ಟದಿಂದ ಇಳಿದು ಬಂದ ಅರ್ಕಾವತಿಯಾದರೋ ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಗೆ ತನ್ನನ್ನು ಒಪ್ಪಿಸಿಕೊಳ್ಳುತ್ತದೆ. ಅಲ್ಲಿಂದ ನಾಲ್ಕೈದು ಕಿಲೋಮೀಟರು ಕೆಳಗೆ, ಅಗಲವಾಗಿ ಹರಡಿಕೊಂಡು ಬಂದ ಕಾವೇರಿ ಹಠಾತ್ತನೆ ಮೈ ಹಿಡಿದುಕೊಂಡು ಕಲ್ಲಿನ ಸಂದಿಯೊಳಗೆ ನುಗ್ಗುತ್ತಾಳೆ. ಅದೇ ಮೇಕೆದಾಟು.

ಹುಲಿ ಅಟ್ಟಿಸಿಕೊಂಡು ಬಂದಾಗ ಮೇಕೆಯೊಂದು ಪ್ರಾಣಭಯದಿಂದ ಒಂದೇ ನೆಗೆತಕ್ಕೆ ಈ ಕಮರಿಯನ್ನು ದಾಟಿತೆಂದು ಜನರ ಕಥೆ. ಬಂಡೆಯ ಮೇಲಿನ ಗುರುತುಗಳನ್ನು ಅದರ ಗೊರಸಿನ ಹೆಜ್ಜೆಗಳೆಂದು ತೋರಿಸುವವರೂ ಉಂಟು. ಕಥೆ ಹೇಗಾದರೂ ಇರಲಿ, ಇಕ್ಕಟ್ಟಾದ ಕಡೆ ಆಚೆ ದಡ ಕೈಗೆ ಎಟುಕುವಂತೆಯೇ ಕಾಣುತ್ತದೆ. ಆ ಕಾಣುವಿಕೆಯಲ್ಲಿಯೇ ಅಪಾಯವಡಗಿದೆ. ಕಮರಿಯ ಬಾಯಿ ಹತ್ತು ಮೀಟರಿನಷ್ಟು ಕಿರಿದಾದರೆ, ಮೇಲೆ ಅಗಲವಾಗಿ ಹರಿದ ನೀರೆಲ್ಲ ಎಲ್ಲಿಗೆ ಹೋಗಬೇಕು? ಆಳಕ್ಕೆ ಹೋಗಬೇಕು, ವೇಗಕ್ಕೆ ಹೋಗಬೇಕು. ಮೇಲ್ಮೈ ಮಲಗಿದಂತಿದ್ದರೂ ಒಳಗೆ ಸೆಳೆತ ಎದ್ದೇ ಇರುತ್ತದೆ.

ಅಲ್ಲಿನ ಬಂಡೆಗಳನ್ನು ನೋಡುವುದೇ ಒಂದು ಸೊಗಸು. ಗುಡಾಣದಂತೆ, ಒರಳಿನಂತೆ, ಬಾಣಲೆಯಂತೆ ಕೊರೆದ ಕುಳಿಗಳು ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಪ್ರವಾಹದ ಸುಳಿಗೆ ಸಿಕ್ಕ ಗುಂಡುಕಲ್ಲುಗಳು ಒಂದೆಡೆ ನಿಂತು ತಿರುಗಿ ತಿರುಗಿ, ಸಾವಿರಾರು ವರ್ಷಗಳ ಕಾಲ ಬಂಡೆಯನ್ನು ಅರೆದು ಮಾಡಿದ ಕೆಲಸ ಇದು. ಆದರೆ ನೀರಿನ ಮೇಲೆ ಕಾಣುವ ಇಂಥ ಕುಳಿಗಳು ನೀರಿನೊಳಗೂ ಇವೆಯೆಂಬುದನ್ನು ಮರೆಯಲಾಗದು. ಮೊಣಕಾಲು ನೀರೆಂದು ಇಟ್ಟ ಹೆಜ್ಜೆ ಮುಂದಿನ ಕ್ಷಣದಲ್ಲಿ ನೆಲ ಕಾಣದೆ ಹೋಗಬಹುದು. ನೀರು ಉಜ್ಜಿ ನುಣುಪು ಮಾಡಿದ ಬಂಡೆಗೆ ಪಾಚಿಯೂ ಕೂಡಿದರೆ ಗರಡಿಯ ಪೈಲ್ವಾನನೂ ಅಲ್ಲಿ ನಿಲ್ಲಲಾರ. ಸಂಗಮ, ಮೇಕೆದಾಟು, ಅರ್ಕಾವತಿಯ ಚುಂಚಿ ಜಲಪಾತ, ಕಾವೇರಿಯ ಮೇಲ್ಭಾಗದ ಮುತ್ತತ್ತಿ, ಈ ಹೆಸರುಗಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವುದು ದುಃಖದ ಸುದ್ದಿಯಾಗಿಯೇ. ಆ ಸುದ್ದಿಗಳ ಸ್ವರೂಪವೂ ಬಹುಮಟ್ಟಿಗೆ ಒಂದೇ. ಒಬ್ಬ ಜಾರುತ್ತಾನೆ, ಅವನನ್ನು ಹಿಡಿಯಲು ಇನ್ನೊಬ್ಬ ಧುಮುಕುತ್ತಾನೆ, ಅವನ ಹಿಂದೆ ಮತ್ತೊಬ್ಬ. ಊರ ಬಾವಿಯಲ್ಲಿ, ನಗರದ ಈಜುಕೊಳದಲ್ಲಿ ಕಲಿತ ಈಜು ಇಲ್ಲಿ ಉಪಯೋಗಕ್ಕೆ ಬಾರದು. ಆಪತ್ತಿನ ಹೊತ್ತಿಗೆ ಒಂದು ಉದ್ದನೆಯ ಹಗ್ಗ, ಅದಿಲ್ಲದಿದ್ದರೆ ಗಂಟು ಹಾಕಿದ ಎರಡು ಸೀರೆ, ಧುಮುಕುವ ಧೀರನಿಗಿಂತ ಹೆಚ್ಚು ಕೆಲಸ ಮಾಡೀತು.

ಇಷ್ಟನ್ನು ಓದಿ ಮನೆಯ ಅಜ್ಜಿ "ಹೋಗುವುದೇ ಬೇಡ" ಎಂದಾರು. ಹಾಗೆನ್ನಬೇಕಾಗಿಲ್ಲ. ಕೆಂಗೇರಿಯಿಂದ ಸುಮಾರು 90 ಕಿಲೋಮೀಟರು ದೂರದಲ್ಲಿ ಇಂಥ ಕಮರಿಯೊಂದು ಇರುವುದು ಭಾಗ್ಯವೇ ಸರಿ. ಹೊರಡುವ ಮುನ್ನ ಒಂದಿಷ್ಟು ವಿಚಾರ ಬೇಕು, ಅಷ್ಟೆ.

ಮೊದಲ ವಿಚಾರ ನದಿಯದು. ಮೇಕೆದಾಟಿನ ನೀರು ಅಲ್ಲಿಯ ಆಕಾಶವನ್ನು ಕೇಳಿ ಏರುವುದಿಲ್ಲ. ಕೊಡಗಿನಲ್ಲಿ ಮಳೆ ಸುರಿದು ಕೃಷ್ಣರಾಜಸಾಗರ ತುಂಬಿದರೆ, ವಯನಾಡಿನಲ್ಲಿ ಸುರಿದು ಕಬಿನಿ ತುಂಬಿದರೆ, ಹೊರಬಿಟ್ಟ ನೀರು ಶಿವನಸಮುದ್ರವನ್ನು ಇಳಿದು ಇಲ್ಲಿಗೇ ಬರಬೇಕು. ಸಂಗಮದಲ್ಲಿ ಸುಡುಬಿಸಿಲಿರುವಾಗಲೇ ಹೊಳೆ ಏರುವುದು ಹೀಗೆ. ಅಮೆರಿಕದ ಅರಿಝೋನ ಮರುಭೂಮಿಯ ಆಂಟಿಲೋಪ್ ಕಮರಿಯಲ್ಲಿ 1997ರ ಆಗಸ್ಟ್ 12ರಂದು ನಡೆದದ್ದೂ ಇದೇ. ಎಲ್ಲೋ ದೂರದಲ್ಲಿ ಗುಡುಗುಮಳೆ ಸುರಿಯಿತು. ಕಮರಿಯೊಳಗಿದ್ದ ಪ್ರವಾಸಿಗರಲ್ಲಿ 11 ಮಂದಿ ನುಗ್ಗಿ ಬಂದ ನೀರಿಗೆ ಬಲಿಯಾದರು. ಅಲ್ಲಿನ ಕಮರಿಗೆ ಹುಲ್ಲೆಯ ಹೆಸರು, ಇಲ್ಲಿನದಕ್ಕೆ ಮೇಕೆಯದು! ಅದೃಷ್ಟಕ್ಕೆ ನಮ್ಮಲ್ಲಿ ಒಂದು ಅನುಕೂಲವುಂಟು. ಮಳೆಗಾಲದಲ್ಲಿ ಜಲಾಶಯಗಳ ಮಟ್ಟ, ಒಳಹರಿವು, ಹೊರಹರಿವುಗಳನ್ನು ದಿನಪತ್ರಿಕೆಗಳು ಪ್ರಕಟಿಸುತ್ತವೆ. ಕೃಷ್ಣರಾಜಸಾಗರದ ಪೂರ್ಣಮಟ್ಟ 124.80 ಅಡಿ. ಮಟ್ಟ ಅದರ ಸಮೀಪಕ್ಕೆ ಬಂದು ಹೊರಹರಿವು ಏರುತ್ತಿದ್ದರೆ ಪ್ರವಾಸವನ್ನು ಮುಂದಕ್ಕೆ ಹಾಕುವುದು ಜಾಣತನ. ಹೊರಹರಿವು ಲಕ್ಷ ಕ್ಯೂಸೆಕ್ಕನ್ನು ದಾಟಿದ ವರ್ಷಗಳೂ ಉಂಟು.

ಕಾಲವನ್ನು ಕೇಳುವವರಿಗೆ ಮಳೆಗಾಲ ಕಳೆದ ಮೇಲಿನ ಚಳಿಯ ತಿಂಗಳುಗಳೇ ಹಿತ. ಬೇಸಗೆಯಲ್ಲಿ ನೀರು ಇಳಿದು ಕುಳಿಗಳ ವೈಭವ ಚೆನ್ನಾಗಿ ಕಾಣುವುದು ನಿಜ. ಆದರೆ ಬಂಡೆ ಹಂಚಿನಂತೆ ಕಾಯುತ್ತದೆ, ನೆರಳೆಂಬುದು ಇಲ್ಲ, ಬೆಂದ ಮೈ ತಾನಾಗಿಯೇ ನೀರಿನ ಕಡೆಗೆ ಎಳೆಯುತ್ತದೆ.

ದಾರಿ ಸುಲಭ. ನೈಸ್ ರಸ್ತೆ ಹಿಡಿದು ಕನಕಪುರ ರಸ್ತೆಗೆ ಸೇರಬಹುದು. ಅವಸರವಿಲ್ಲದವರು ಬಿಡದಿಯಿಂದ ಭೈರಮಂಗಲದ ಮೇಲೆ ಹಾರೋಹಳ್ಳಿಗೆ ಹೋದರೆ ವೃಷಭಾವತಿಯ ಜಾಡಿನಲ್ಲೇ ಒಂದಷ್ಟು ದೂರ ಸಾಗಿದಂತಾಯಿತು. ಕನಕಪುರದಲ್ಲಿಯೇ ಪೆಟ್ರೋಲು, ಔಷಧಿ, ಕುಡಿಯುವ ನೀರುಗಳ ವ್ಯವಸ್ಥೆ ಮುಗಿಸಿಕೊಳ್ಳಬೇಕು. ದೊಡ್ಡಆಲಹಳ್ಳಿಯನ್ನು ದಾಟಿದ ಮೇಲೆ ಊರುಗಳು ವಿರಳ, ಮೊಬೈಲ್ ಸಂಪರ್ಕವನ್ನೂ ನಂಬುವಂತಿಲ್ಲ. ಆದ್ದರಿಂದ ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಹಿಂದಿರುಗುತ್ತೇವೆ ಎಂಬುದನ್ನು ನೆರೆಮನೆಯವರಿಗಾದರೂ ತಿಳಿಸಿ ಹೊರಡುವುದು ಲೇಸು. ತಲೆಗೆ ಮೂರು ಲೀಟರಾದರೂ ನೀರು, ಹಿಡಿತವಿರುವ ರಬ್ಬರ್ ಅಟ್ಟೆಯ ಪಾದರಕ್ಷೆ, ತಲೆಗೊಂದು ಬಟ್ಟೆ, ಹಗ್ಗ. ಬುತ್ತಿಯಲ್ಲಿ ಪುಳಿಯೋಗರೆ, ಮೊಸರನ್ನ ಇದ್ದರೆ ಸಾಕು. ಡಬ್ಬಿ ಖಾಲಿಯಾದ ಮೇಲೆ ಎಲೆ, ಪ್ಲಾಸ್ಟಿಕ್ಕುಗಳನ್ನು ಅಲ್ಲಿಯೇ ಬಿಟ್ಟು ಬರುವವರ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಕೋತಿಗಳಿಗೆ ಮಾತ್ರ ಅದರಿಂದ ಸಂತೋಷ.

ಸಂಗಮದಲ್ಲಿ ಅರ್ಕಾವತಿಯನ್ನು ದಾಟಿಯೇ ಮೇಕೆದಾಟಿಗೆ ಹೋಗಬೇಕು. ನೀರು ತೆಳುವಾಗಿದ್ದರೆ ನಡೆದು, ಇಲ್ಲವಾದರೆ ಹರಿಗೋಲಿನಲ್ಲಿ. ಅಂಬಿಗ ಒಲ್ಲೆನೆಂದ ದಿನ, ಕಾವಲುಗಾರ ತಡೆದ ದಿನ, ಅವನೊಡನೆ ಜಗಳ ಹೂಡುವುದಕ್ಕಿಂತ ಸಂಗಮದ ದಡದಲ್ಲಿಯೇ ಊಟ ಮುಗಿಸಿ ಮರಳುವುದು ಮೇಲು. ಹೊಳೆಯನ್ನು ಅವರಿಗಿಂತ ಬಲ್ಲವರು ಪ್ರವಾಸಿಗರಲ್ಲಿ ಯಾರೂ ಇಲ್ಲ. ಮೇಕೆದಾಟಿನಲ್ಲಿ ಮಕ್ಕಳ ಕೈಯನ್ನು ದೊಡ್ಡವರು ಬಿಡಬಾರದು. ಕಮರಿಯ ಅಂಚಿಗೆ ಬೆನ್ನು ಮಾಡಿ ಫೋಟೋ ತೆಗೆಸಿಕೊಳ್ಳುವ ಚಪಲವಂತೂ ಬೇಡವೇ ಬೇಡ.

ಈ ಸೀಮೆಯೆಲ್ಲ 1987ರಲ್ಲಿ ಘೋಷಿತವಾದ ಕಾವೇರಿ ವನ್ಯಧಾಮದ ಆವರಣ. ನೀರಿನಲ್ಲಿ ಮೊಸಳೆ, ನೀರುನಾಯಿಗಳು, ಕಾಡಿನಲ್ಲಿ ಆನೆ. ಹಗಲೆಲ್ಲ ಕಾಡಿನಲ್ಲಿ ತಂಗಿದ್ದ ಆನೆಗಳು ಇಳಿಹೊತ್ತಿಗೆ ಹೊಳೆಯ ಕಡೆಗೆ ಬರುವುದುಂಟು. ಆದಕಾರಣ ಮಧ್ಯಾಹ್ನ ಮೂರರೊಳಗೆ ಮೇಕೆದಾಟನ್ನು ಬಿಟ್ಟು, ಬೆಳಕಿರುವಾಗಲೇ ಸಂಗಮದ ಕಾಡನ್ನು ದಾಟಿಕೊಂಡರೆ, ರಾತ್ರಿಯ ಊಟದ ಹೊತ್ತಿಗೆ ಕೆಂಗೇರಿ ಸೇರಬಹುದು.