ಎಣ್ಣೆಯಲ್ಲಿ ನೀರು

ಎಣ್ಣೆಗೂ ನೀರಿಗೂ ಕೂಡಿಬರುವುದಿಲ್ಲವೆಂಬುದು ಅಡುಗೆಮನೆಯಲ್ಲಿ ಓಡಾಡುವ ಮಗುವಿಗೂ ತಿಳಿದ ಸಂಗತಿ. ಒಂದೇ ಪಾತ್ರೆಗೆ ಸುರಿದರೂ ಎಣ್ಣೆ ಮೇಲೆ, ನೀರು ಕೆಳಗೆ. ಆದರೆ ಕಡಲಿಗಿಳಿಯುವ ದೋಣಿಯ ಎಂಜಿನ್ನಿನ ಹೊಟ್ಟೆಯಲ್ಲಿ ಈ ಎರಡೂ ಒಮ್ಮೊಮ್ಮೆ ಗುಟ್ಟಾಗಿ ಸ್ನೇಹ ಬೆಳೆಸುತ್ತವೆ. ಅದಕ್ಕಿಂತ ಅಪಾಯಕರವಾದ ಸ್ನೇಹ ಮೀನುಗಾರನ ಬಾಳಿನಲ್ಲಿ ಇನ್ನೊಂದಿಲ್ಲ.

ಜುಲೈ ತಿಂಗಳ ಕೊನೆಯ ವಾರ. ತುಳುವರು ಆಟಿಯೆಂದು ಕರೆಯುವ, ಮಳೆ ಬಿಡದ ಕಾಲ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಮೀನು ಹಿಡಿಯುವಂತಿಲ್ಲ. ಮಲ್ಪೆಯ ದಕ್ಕೆಯಲ್ಲಿ ದೋಣಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಬಲೆ ಹೆಣೆಯುವುದು, ಹಲಗೆ ಬದಲಿಸುವುದು, ಬಣ್ಣ ಬಳಿಯುವುದು ಎಲ್ಲವೂ ಈ ಬಿಡುವಿನಲ್ಲಿಯೇ. ದೋಣಿಯ ಯಜಮಾನರಿಗೆ ಮಾತ್ರ ಇದು ಬಿಡುವಲ್ಲ. ಆದಾಯ ನಿಂತಿದ್ದರೂ ಸಾಲದ ಬಡ್ಡಿ ನಿಂತಿರುವುದಿಲ್ಲ.

ಅಂಥದೊಂದು ದೋಣಿಯಲ್ಲಿ ಎಂಜಿನ್ನನ್ನು ಮೂರು ದಿನಗಳಿಂದ ಸ್ವಲ್ಪ ಸ್ವಲ್ಪ ಹೊತ್ತು ಓಡಿಸಿ ಪರೀಕ್ಷಿಸುತ್ತಿದ್ದರು. ಸದ್ದು ಸರಿಯಾಗಿತ್ತು; ಹೊಗೆಯೂ ಸರಿಯಾಗಿತ್ತು. ನಾಲ್ಕನೆಯ ದಿನ ತಾಂಡೇಲನು ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ನೋಡಿದನು. ಕಪ್ಪಾಗಿರಬೇಕಾಗಿದ್ದ ಎಣ್ಣೆ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಅಷ್ಟೇ ಅಲ್ಲ, ಮೇಲಿನ ಗೆರೆಯನ್ನೂ ದಾಟಿ ಎರಡು ಬೆರಳಿನಷ್ಟು ಏರಿತ್ತು. ಯಾರೂ ಎಣ್ಣೆ ಹಾಕಿರಲಿಲ್ಲ.

"ಎಣ್ಣೆ ಬದಲಿಸಿ ಹೊರಟುಬಿಡೋಣ. ಒಂದನೆಯ ತಾರೀಕು ಬಿಟ್ಟರೆ ಮೊದಲ ಮೀನು ಬೇರೆಯವರ ಪಾಲು" ಎಂದರು ಯಜಮಾನರು. ಅವರ ಆತುರವನ್ನು ತಪ್ಪೆನ್ನಲಾಗದು. ತಾಂಡೇಲನು ಉತ್ತರ ಕೊಡದೆ ವೃದ್ಧ ಮಿಸ್ತ್ರಿಯನ್ನು ಕರೆತರಲು ಹುಡುಗನೊಬ್ಬನನ್ನು ಓಡಿಸಿದನು.

ಮಿಸ್ತ್ರಿ ಬಂದವನು ಪಾನೆಯನ್ನು ಕೈಗೆತ್ತಿಕೊಳ್ಳಲಿಲ್ಲ. ನಾಡಿ ಹಿಡಿಯುವ ಮುನ್ನ ರೋಗಿಯ ಮಾತು ಕೇಳುವ ಪಂಡಿತನಂತೆ ಹಲಗೆಯ ಮೇಲೆ ಕುಳಿತು ಒಂದೊಂದಾಗಿ ಪ್ರಶ್ನಿಸತೊಡಗಿದನು. ಎರಡು ತಿಂಗಳು ನಿಂತ ಎಂಜಿನ್ನಿನಲ್ಲಿ ಮಳೆಗಾಲದ ತೇವ ಬೆವರಿನಂತೆ ಹನಿಗಟ್ಟುವುದುಂಟು. ಎಣ್ಣೆ ಹಾಕುವ ಮುಚ್ಚಳದ ಅಡಿಯಲ್ಲಿ ಬಿಳಿಯ ನೊರೆ ಕಾಣುವುದೂ ಉಂಟು. ಎಂಜಿನ್ನು ಚೆನ್ನಾಗಿ ಕಾದು ಓಡಿದರೆ ಅದು ಆವಿಯಾಗಿ ಹೋಗುತ್ತದೆ. ಆದರೆ ಬೆವರಿನಿಂದ ಎಣ್ಣೆ ಎರಡು ಬೆರಳು ಏರುವುದಿಲ್ಲ. ಡೀಸೆಲ್ ಸೋರಿ ಬೆರೆತರೂ ಮಟ್ಟ ಏರುವುದು ನಿಜ. ಆಗ ಎಣ್ಣೆ ತೆಳುವಾಗಿ ಡೀಸೆಲಿನ ವಾಸನೆ ಬರುತ್ತದೆಯೇ ಹೊರತು ಬಿಳಿಚಿಕೊಳ್ಳುವುದಿಲ್ಲ.

ದೋಣಿಯ ಒಲೆಯ ಮೇಲೆ ಚಮಚವನ್ನು ಕಾಯಿಸಿ, ಎಣ್ಣೆಯ ಒಂದು ಹನಿಯನ್ನು ಅದರಲ್ಲಿ ಬಿಟ್ಟನು. ಒಗ್ಗರಣೆಯ ಸಾಸಿವೆಯಂತೆ ಅದು ಚಟಪಟನೆ ಸಿಡಿಯಿತು. ಹೊಸ ಎಣ್ಣೆಯ ಹನಿಯನ್ನು ಬಿಟ್ಟಾಗ ಹೊಗೆ ಬಂತು, ಸದ್ದು ಬರಲಿಲ್ಲ. ನೀರು ನೂರು ಡಿಗ್ರಿಯಲ್ಲಿ ಕುದಿದು ಆವಿಯಾಗುತ್ತದೆ. ಎಣ್ಣೆಗೆ ಆ ಕಾವು ಏನೇನೂ ಅಲ್ಲ. ಸಿಡಿದದ್ದು ನೀರೇ.

ಕೂಡದ ನೀರು ಕೂಡಿದ್ದಾದರೂ ಹೇಗೆ? ಎಂಜಿನ್ನು ತಿರುಗುವಾಗ ಒಳಗಿನ ಎಣ್ಣೆಯನ್ನು ಕಡೆಗೋಲಿನಂತೆ ಕಡೆಯುತ್ತದೆ. ಕೊಳೆಯನ್ನು ಹಿಡಿದಿಡಲೆಂದು ಎಣ್ಣೆಗೆ ಬೆರೆಸಿರುವ ಸಾಬೂನಿನಂಥ ಪದಾರ್ಥಗಳು ನೀರಿನ ಕಣಗಳನ್ನೂ ಹಿಡಿದಿಡುತ್ತವೆ. ಆ ಅಸಂಖ್ಯ ಕಣಗಳು ಬೆಳಕನ್ನು ಚದುರಿಸುವುದರಿಂದ ಹಾಲಿನ ಬಣ್ಣ ಬರುತ್ತದೆ. ನೋಡಲು ಸಾಧುವಾಗಿದ್ದರೂ ಅದು ಮಾಡುವ ಕೇಡು ಅಷ್ಟಿಷ್ಟಲ್ಲ. ತಿರುಗುವ ದಂಡವನ್ನು ಬೇರಿಂಗಿಗೆ ತಾಗದಂತೆ ಎತ್ತಿ ಹಿಡಿದಿರುವುದು ಕೂದಲೆಳೆಗಿಂತಲೂ ತೆಳುವಾದ ಎಣ್ಣೆಯ ಪೊರೆ. ನೀರು ಸೇರಿದರೆ ಆ ಪೊರೆ ಹರಿಯುತ್ತದೆ, ಲೋಹಕ್ಕೆ ಲೋಹ ಉಜ್ಜುತ್ತದೆ. ಉಪ್ಪುನೀರಾದರೆ ತುಕ್ಕೂ ಜೊತೆಗೂಡುತ್ತದೆ. ದಡದಿಂದ ಎಷ್ಟೋ ಮೈಲಿ ದೂರದಲ್ಲಿ, ಆಗಸ್ಟಿನ ಅಲೆಗಳ ನಡುವೆ ಎಂಜಿನ್ನು ಬಿಗಿದು ನಿಂತರೆ ದೋಣಿಯೊಳಗಿನ ಏಳೆಂಟು ಜೀವಗಳ ಗತಿಯೇನೆಂಬುದು ಯಜಮಾನರಿಗೂ ಗೊತ್ತಿತ್ತು. ಅವರು ಮತ್ತೆ ಎಣ್ಣೆ ಬದಲಿಸುವ ಮಾತೆತ್ತಲಿಲ್ಲ.

ಇನ್ನುಳಿದ ಪ್ರಶ್ನೆ, ಬಂದ ನೀರು ಯಾವುದು ಎಂಬುದು. ಈ ದೋಣಿಯ ಎಂಜಿನ್ನಿನಲ್ಲಿ ಎರಡು ನೀರುಗಳ ಓಡಾಟ. ಒಂದು, ತೊಟ್ಟಿಯಿಂದ ಹೊರಟು ಎಂಜಿನ್ನಿನ ಮೈಯೊಳಗೆ ಸುತ್ತಿ ಮರಳಿ ಬರುವ ಸಿಹಿನೀರು. ಇನ್ನೊಂದು, ಅದನ್ನು ತಣಿಸಿ ಕಡಲಿಗೇ ಹಿಂದಿರುಗುವ ಉಪ್ಪುನೀರು. ಸಿಹಿನೀರು ಸೋರಿದ್ದರೆ ತಲೆಯ ಗ್ಯಾಸ್ಕೆಟ್ಟೋ ಸಿಲಿಂಡರಿನ ಸುತ್ತಲಿನ ರಬ್ಬರ್ ಬಳೆಗಳೋ ಕೆಟ್ಟಿರಬೇಕು. ಎಂಜಿನ್ನನ್ನು ಬಿಚ್ಚದೆ ವಿಧಿಯಿಲ್ಲ, ಅದಕ್ಕೆ ವಾರಗಳೇ ಬೇಕು. "ತೊಟ್ಟಿ ತುಂಬಿಯೇ ಇದೆಯಲ್ಲ, ಮಿಸ್ತ್ರಿಗಳೇ" ಎಂದನು ತಾಂಡೇಲ. "ದಿನಾ ಬೆಳಿಗ್ಗೆ ನಾನೇ ತುಂಬಿಸುತ್ತೇನೆ" ಎಂದು ಹುಡುಗನು ಹೆಮ್ಮೆಯಿಂದ ನುಡಿದನು. ತುಂಬಿದ ತೊಟ್ಟಿಯ ಸಾಕ್ಷ್ಯ ಅಲ್ಲಿಗೆ ಬಿದ್ದುಹೋಯಿತು.

ನಾಲಗೆಯಿಂದ ನೋಡುವಂತಿರಲಿಲ್ಲ. ತೊಟ್ಟಿಯ ನೀರಿಗೆ ಬೆರೆಸುವ ದ್ರವ ವಿಷ. ಸಾಲದುದಕ್ಕೆ ಆಟಿಯ ಮಳೆಯಲ್ಲಿ ಹೊಳೆ ತುಂಬಿ ಹರಿಯುವಾಗ ದಕ್ಕೆಯ ಉಪ್ಪುನೀರೂ ಸಪ್ಪೆಯಾಗಿರುತ್ತದೆ. ಎಂಜಿನ್ನನ್ನು ಇಡೀ ರಾತ್ರಿ ಅಲುಗಿಸದೆ ಬಿಟ್ಟು, ಮರುದಿನ ತಳದ ಬಿರಡೆಯನ್ನು ಮೆಲ್ಲನೆ ಸಡಿಲಿಸಿದಾಗ, ಎಣ್ಣೆಗಿಂತ ಮೊದಲು ಒಂದು ಲೋಟದಷ್ಟು ನೀರು ಬಿತ್ತು. ಅದನ್ನೂ, ತೊಟ್ಟಿಯ ನೀರನ್ನೂ, ದಕ್ಕೆಯ ನೀರನ್ನೂ ಮೂರು ಸೀಸೆಗಳಲ್ಲಿ ತುಂಬಿ ತಾಂಡೇಲನ ಮಗಳು ತನ್ನ ಶಾಲೆಗೆ ಒಯ್ದಳು. ವಿಜ್ಞಾನದ ಅಧ್ಯಾಪಕರು ಮೂರು ಪ್ರನಾಳಗಳಿಗೂ ತುಸು ನೈಟ್ರಿಕ್ ಆಮ್ಲ ಸೇರಿಸಿ ಸಿಲ್ವರ್ ನೈಟ್ರೇಟಿನ ಹನಿಗಳನ್ನು ಬಿಟ್ಟರು. ತೊಟ್ಟಿಯ ನೀರು ತುಸುವೇ ಮಬ್ಬಾಯಿತು. ಉಳಿದೆರಡರಲ್ಲಿಯೂ ಮೊಸರಿನಂಥ ಬಿಳಿಯ ಗಷ್ಟು ಒಂದೇ ಸಮನಾಗಿ ತಳಕ್ಕಿಳಿಯಿತು. ಉಪ್ಪಿನಲ್ಲಿರುವ ಕ್ಲೋರೈಡು ತನ್ನ ಗುರುತನ್ನು ತಾನೇ ಹೇಳಿತ್ತು. ಆ ಸುದ್ದಿಯನ್ನು ಹೊತ್ತು ಬಾಲಕಿ ಮಳೆಯಲ್ಲಿ ಓಡಿದ ಓಟವನ್ನು ದಕ್ಕೆಯವರು ಬಹಳ ದಿನ ನೆನೆದರಂತೆ.

ಹೊರಗಿನ ನೀರೆಂದ ಮೇಲೆ ಅದು ಬರುವ ದಾರಿಗಳು ಕೆಲವೇ. ಹೊಗೆಯ ಕೊಳವೆಯಿಂದ ಹಿಂದಕ್ಕೆ ನುಗ್ಗಿ ಸಿಲಿಂಡರು ಸೇರಿದ್ದರೆ ಎಂಜಿನ್ನು ಅಷ್ಟು ಸರಾಗವಾಗಿ ಹೊರಡುತ್ತಿರಲಿಲ್ಲ. ಎಣ್ಣೆಯನ್ನು ತಣಿಸುವ ಕೂಲರಿನ ನಳಿಕೆ ತೂತಾಗಿದ್ದರೆ, ಓಡುವ ಎಂಜಿನ್ನಿನಲ್ಲಿ ಎಣ್ಣೆಯ ಒತ್ತಡವೇ ಹೆಚ್ಚಾದ್ದರಿಂದ, ಎಣ್ಣೆಯೇ ನೀರಿಗೆ ಸೋರಿ ದೋಣಿಯ ಪಕ್ಕದಲ್ಲಿ ಕಾಮನಬಿಲ್ಲಿನ ಬಣ್ಣ ತೇಲಬೇಕಾಗಿತ್ತು. ಅಂಥದನ್ನು ಯಾರೂ ಕಂಡಿರಲಿಲ್ಲ. ಉಳಿದದ್ದು ಕಡಲ ನೀರನ್ನು ಎಳೆಯುವ ಪಂಪು.

ಆ ಪಂಪಿನ ದಂಡದ ಒಂದು ತುದಿ ನೀರಿನಲ್ಲಿ, ಇನ್ನೊಂದು ತುದಿ ಎಂಜಿನ್ನಿನ ಎಣ್ಣೆಯಲ್ಲಿ. ನಡುವೆ ಎರಡು ಸೀಲುಗಳು, ಅವೆರಡರ ನಡುವೆ ಕೆಳಮುಖವಾದ ಒಂದು ಸಣ್ಣ ರಂಧ್ರ. ನೀರಿನ ಕಡೆಯ ಸೀಲು ಸವೆದರೆ ನೀರು ಈ ರಂಧ್ರದಿಂದ ಹೊರಗೆ ತೊಟ್ಟಿಕ್ಕಿ, ಎಣ್ಣೆಗೆ ತಲಪುವ ಮುನ್ನವೇ ಎಚ್ಚರಿಕೆ ಕೊಡಬೇಕು. ಮಿಸ್ತ್ರಿ ಟಾರ್ಚು ಹಿಡಿದು ಬಗ್ಗಿದನು. ಬೆರಳಾಡಿಸಿದನು. ರಂಧ್ರವೇ ಕಾಣಲಿಲ್ಲ. ಪಂಪು ಹಸಿರು ಬಣ್ಣದಲ್ಲಿ ಥಳಥಳಿಸುತ್ತಿತ್ತು.

"ಬಣ್ಣ ಬಳಿದವರು ಯಾರು?"

ಹುಡುಗನು ತಲೆ ತಗ್ಗಿಸಿದನು. ಬಿಡುವಿನಲ್ಲಿ ಯಾರೂ ಹೇಳದಿದ್ದರೂ ತಾನಾಗಿ ಇಡೀ ಎಂಜಿನ್ನಿಗೆ ಬಣ್ಣ ಹಚ್ಚಿದವನು ಅವನೇ. ಆ ತೂತು ಏಕಿದೆಯೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಯಜಮಾನರ ಮುಖ ಕೆಂಪಾಯಿತು. ಮಿಸ್ತ್ರಿ ತಂತಿಯ ಚೂರೊಂದನ್ನು ಹುಡುಗನ ಕೈಗಿತ್ತು, "ಚುಚ್ಚು, ಮಗಾ" ಎಂದನು. ಬಣ್ಣದ ಪೊರೆ ಒಡೆದು, ಒಳಗೆ ಸಿಕ್ಕಿಬಿದ್ದಿದ್ದ ನೀರು ಹುಡುಗನ ಮಣಿಕಟ್ಟಿನ ಮೇಲೆ ಹರಿಯಿತು.

ಸೀಲುಗಳ ಬೆಲೆ ಅತ್ಯಲ್ಪ. ಎಣ್ಣೆಯ ಬೆಲೆ ಹಾಗಲ್ಲ. ಕೆಟ್ಟದ್ದನ್ನು ಬಸಿದು, ಅಗ್ಗದ ಎಣ್ಣೆ ತುಂಬಿ ಸ್ವಲ್ಪ ಓಡಿಸಿ, ಮತ್ತೆ ಬಸಿದು, ಬಿಳುಪು ಹೋಗುವವರೆಗೆ ಮೂರು ಸಲ ತೊಳೆಯಬೇಕಾಯಿತು. ಎಣ್ಣೆಯ ಸೋಸುಕವೂ ಬದಲಾಯಿತು. ಆಗಸ್ಟ್ 1ರ ಬೆಳಗಿನಲ್ಲಿ ಉಳಿದ ದೋಣಿಗಳು ಒಂದರ ಹಿಂದೊಂದಾಗಿ ಅಳಿವೆಯನ್ನು ದಾಟುವುದನ್ನು ಈ ದೋಣಿಯವರು ದಕ್ಕೆಯಲ್ಲಿ ನಿಂತು ನೋಡಿದರು. ಯಜಮಾನರು ಆ ಕಡೆಗೆ ಬೆನ್ನು ಹಾಕಿ ಲೆಕ್ಕದ ಪುಸ್ತಕ ಬರೆಯುತ್ತಿದ್ದರು.

ಮೂರನೆಯ ದಿನ ನಸುಕಿನಲ್ಲಿ ದೋಣಿ ಹೊರಡುವ ಮುನ್ನ ಹುಡುಗನು ಎಂಜಿನ್ನಿನ ಕೋಣೆಗಿಳಿದನು. ಕಡ್ಡಿಯನ್ನು ಎಳೆದು ಬಟ್ಟೆಯಿಂದ ಒರೆಸಿ, ಪುನಃ ಅದ್ದಿ, ದೀಪದ ಬಳಿಗೆ ಒಯ್ದು ಹಿಡಿದನು. ಎಣ್ಣೆ ತಿಳಿಯಾಗಿತ್ತು, ಗೆರೆಯಲ್ಲಿಯೇ ಇತ್ತು. ಆಮೇಲೆ ಪಂಪಿನ ಅಡಿಯಲ್ಲಿ ಬೆರಳಾಡಿಸಿ, ಆ ಬೆರಳನ್ನೂ ದೀಪದ ಬೆಳಕಿನಲ್ಲಿ ನೋಡಿಕೊಂಡನು. ಬೆರಳು ಒಣಗಿತ್ತು.