ಹಿಮದ ನಾಡೂ ನಮ್ಮ ಭಾಗ್ಯನಗರದ ಮಕ್ಕಳೂ

ಶಿವರಾತ್ರಿಗೆ ಚಳಿಯು ‘ಶಿವ ಶಿವಾ’ ಎನ್ನುತ್ತ ಹೊರಟುಹೋಗುವುದೆಂದು ನಮ್ಮ ಕಡೆ ಹಿರಿಯರು ಹೇಳುವುದುಂಟು. ಹಾಗೆ ಚಳಿಯು ಹೊರಟುಹೋದ ಮಾರನೆಯ ವಾರದಲ್ಲಿಯೇ ನಾವು ನಮ್ಮ ಶಿಶುವಿಹಾರದ ಮಕ್ಕಳಿಗೆ ಹಿಮದ ನಾಡುಗಳ ಪಾಠವನ್ನು ಹೇಳಬೇಕಾಗಿ ಬಂದಿತು. ಕಿಟಕಿಯಾಚೆ ಕೊಪ್ಪಳದ ಕೋಟೆಯ ಬಂಡೆಗಳು ಕಾದು ಹೊಳೆಯುತ್ತಿದ್ದವು. ಒಳಗೆ ನಾವು ಬಿಳಿಯ ಕರಡಿಯ ಚಿತ್ರವನ್ನು ಗೋಡೆಗೆ ತೂಗುಹಾಕುತ್ತಿದ್ದೆವು. ಮೊಮ್ಮಗನನ್ನು ಬಿಡಲು ಬಂದಿದ್ದ ನೇಕಾರ ಅಜ್ಜನೊಬ್ಬನು ಬಾಗಿಲಲ್ಲಿ ನಿಂತು ಅದನ್ನು ನೋಡಿ, “ಅಕ್ಕೋರ, ಈ ಹುಡುಗರಿಗೆ ಹಿಮದ ಸುದ್ದಿ ಯಾತಕ್ರೀ? ಇಲ್ಲೆ ಕುಡಿಯೋ ನೀರು ತಣ್ಣಗ ಸಿಕ್ಕರ ಸಾಕಾಗೈತಿ” ಎಂದನು. ಮಾತಿನಲ್ಲಿ ಕೊಂಕಿರಲಿಲ್ಲ. ಆದರೂ ನಮಗೆ ಆ ಹೊತ್ತಿಗೆ ತಕ್ಕ ಉತ್ತರವು ಹೊಳೆಯಲಿಲ್ಲ. ಮುಂದಿನ ನಾಲ್ಕು ದಿನಗಳಲ್ಲಿ ಆ ಉತ್ತರವನ್ನು ಮಕ್ಕಳೇ ನಮಗೆ ಕಲಿಸಿಕೊಟ್ಟ ಬಗೆಯನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶವಾಗಿದೆ.

ಭಾಗ್ಯನಗರವು ಕೊಪ್ಪಳಕ್ಕೆ ಅಂಟಿಕೊಂಡೇ ಇರುವ ಊರು. ಇಲ್ಲಿ ಮಗ್ಗದ ಸಪ್ಪಳವು ಹಳೆಯದು. ಕೂದಲಿನ ಉದ್ಯೋಗವು ಅದಕ್ಕಿಂತ ಹೊಸದು. ಬಾಚಣಿಕೆಗೆ ಬಂದ ಸಿಕ್ಕುಗೂದಲನ್ನು ಊರೂರಿನಿಂದ ತರಿಸಿ, ಬಿಡಿಸಿ, ತೊಳೆದು, ಬಾಚಿ, ಉದ್ದ ಗಿಡ್ಡ ನೋಡಿ ಬೇರೆಮಾಡಿ, ಕಟ್ಟು ಕಟ್ಟಿ ದೂರದ ದೇಶಗಳಿಗೆ ಕಳುಹಿಸುವರು. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಅಡಿಗೆಯ ಕೆಲಸ ತೀರಿಸಿ ಕೂದಲು ಬಿಡಿಸಲು ಕೂಡ್ರುವರು. ನಮ್ಮ ಶಿಶುವಿಹಾರದ ಇಪ್ಪತ್ತೆರಡು ಮಕ್ಕಳು ಇಂಥ ಮನೆಗಳಿಂದಲೇ ಬರುವವರು. ನಾಲ್ಕು ಐದು ವರುಷದವರು. ನೂಲೆಂದರೇನು, ಕೂದಲೆಂದರೇನು ಎಂಬುದನ್ನು ಅವರಿಗೆ ಹೇಳಿಕೊಡಬೇಕಾದುದಿಲ್ಲ.

ಮೊದಲ ದಿನವೇ ನಾವು ಎಡವಿದೆವು. ಅಂಗಡಿಯಿಂದ ಕೊಂಡುತಂದ ಚಿತ್ರಪಟದಲ್ಲಿ ಒಂದೇ ಹಿಮಗಡ್ಡೆಯ ಮೇಲೆ ಬಿಳಿಯ ಕರಡಿಯೂ ಪೆಂಗ್ವಿನ್ ಹಕ್ಕಿಯೂ ಮಗ್ಗುಲು ಮಗ್ಗುಲಾಗಿ ನಿಂತಿದ್ದವು. ನಾವು ವಿಚಾರಿಸದೆ, “ನೋಡಿರಿ, ಇವರಿಬ್ಬರೂ ಗೆಳೆಯರು” ಎಂದುಬಿಟ್ಟೆವು. ಮಕ್ಕಳಿಗೆ ಬಹಳ ಸಂತೋಷವಾಯಿತು. ರಾತ್ರಿ ಮನೆಯಲ್ಲಿ ಪುಸ್ತಕ ತೆಗೆದು ಓದುವಾಗ ನಮ್ಮ ಮುಖ ಸಣ್ಣದಾಯಿತು. ಬಿಳಿಯ ಕರಡಿ ಇರುವುದು ಭೂಮಿಯ ಉತ್ತರದ ತುದಿಯಲ್ಲಿ. ಹಿಮದ ನಾಡಿನ ಪೆಂಗ್ವಿನ್ ಇರುವುದು ದಕ್ಷಿಣದ ತುದಿಯಲ್ಲಿ. ಅವು ಒಂದರ ಮುಖವನ್ನೊಂದು ಎಂದೂ ಕಂಡವಲ್ಲ. ಉತ್ತರದಲ್ಲಿರುವುದು ಸುತ್ತಲೂ ನೆಲವುಳ್ಳ, ಮೇಲೆ ಹೆಪ್ಪುಗಟ್ಟಿದ ಸಮುದ್ರ. ದಕ್ಷಿಣದಲ್ಲಿರುವುದು ಸುತ್ತಲೂ ಸಮುದ್ರವುಳ್ಳ ನೆಲ. ಅದರ ಮೇಲೆ ಸರಾಸರಿ ಎರಡು ಕಿಲೋಮೀಟರಿನಷ್ಟು ದಪ್ಪನಾದ ಹಿಮದ ಹೊದಿಕೆ. ಆ ಖಂಡವೊಂದೇ ನಮ್ಮ ಭಾರತದ ನಾಲ್ಕು ಪಟ್ಟಿಗಿಂತಲೂ ದೊಡ್ಡದು.

ಸಣ್ಣ ಮಕ್ಕಳಿಗೆ ಇಷ್ಟೊಂದು ಯಾರು ಕೇಳುವರು, ಬಿಟ್ಟುಬಿಡೋಣವೆಂದು ಒಮ್ಮೆ ಅನಿಸಿದ್ದು ನಿಜ. ಆದರೆ ನಾಲ್ಕು ವರುಷದ ಮನಸ್ಸಿನಲ್ಲಿ ಬಿದ್ದ ತಪ್ಪು ನಲವತ್ತರವರೆಗೂ ಉಳಿಯಬಲ್ಲದು. ಮರುದಿನ ಚಿತ್ರಪಟವನ್ನು ಮುಂದಿಟ್ಟುಕೊಂಡು, “ನಿನ್ನೆ ನಾವು ತಪ್ಪು ಹೇಳಿದೆವು” ಎಂದೆವು. ಮಕ್ಕಳು ಬಾಯಿ ತೆರೆದು ನೋಡಿದರು. ಒಬ್ಬನು ಎದ್ದು ನಿಂತು, “ಹಂಗಾರ ಚಿತ್ರ ಸುಳ್ಳೇನ್ರಿ?” ಎಂದನು. ಹೌದೆಂದೆವು. ಕತ್ತರಿಯಿಂದ ಚಿತ್ರವನ್ನು ಎರಡಾಗಿ ಕತ್ತರಿಸಿ, ಕರಡಿಯನ್ನು ಗೋಡೆಯ ಮೇಲ್ತುದಿಗೂ ಹಕ್ಕಿಯನ್ನು ನೆಲದ ಸಮೀಪಕ್ಕೂ ಅಂಟಿಸಿದೆವು. ನಡುವೆ ಭಾಗ್ಯನಗರಕ್ಕೆಂದು ಒಂದು ಸಣ್ಣ ಮಗ್ಗವನ್ನು ಬರೆದೆವು. ಅಕ್ಕೋರು ತಪ್ಪು ಮಾಡಿ ತಾವೇ ತಿದ್ದಿದರೆಂಬ ಸುದ್ದಿ ಆ ದಿನ ಎಲ್ಲ ಮನೆಗಳನ್ನೂ ಮುಟ್ಟಿತಂತೆ. ಅದರಿಂದ ನಮ್ಮ ಗೌರವಕ್ಕೆ ಕುಂದಾದುದು ಕಾಣಲಿಲ್ಲ.

ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ ಎಂಬುದನ್ನು ಬುಗುರಿಯಿಂದ ತೋರಿಸಿದೆವು. ಕತ್ತಲೆಯ ಕೋಣೆಯಲ್ಲಿ ದೀಪವಿಟ್ಟು, ಬುಗುರಿಯ ತಲೆಯನ್ನು ದೀಪದ ಕಡೆಗೆ ತುಸು ಓಲಿಸಿ ಕೈಯಿಂದ ಮೆಲ್ಲಗೆ ತಿರುಗಿಸಿದೆವು. ಹೊಟ್ಟೆಯ ಮೇಲಿನ ಸುಣ್ಣದ ಚುಕ್ಕೆಯು ಬೆಳಕಿಗೆ ಬರುತ್ತ ಕತ್ತಲೆಗೆ ಹೋಗುತ್ತ ಇದ್ದಿತು. ತಲೆಯು ಮಾತ್ರ ಎಷ್ಟು ಸುತ್ತಿದರೂ ಬೆಳಕಿನಲ್ಲಿಯೇ ಉಳಿಯಿತು. ಕೆಳಗಿನ ಮೊಳೆಯು ಕತ್ತಲೆಯಲ್ಲಿಯೇ ಉಳಿಯಿತು. ಬುಗುರಿಯ ಓಲನ್ನು ಹಾಗೆಯೇ ಹಿಡಿದು ದೀಪದ ಆಚೆಯ ಮಗ್ಗುಲಿಗೆ ಒಯ್ದಾಗ ಮೊಳೆಗೆ ಹಗಲಾಯಿತು, ತಲೆಗೆ ರಾತ್ರಿಯಾಯಿತು. “ಹಂಗಾರ ಅಲ್ಲಿಯವ್ರು ಯಾವಾಗ ಮಲಗ್ತಾರ್ರಿ?” ಎಂದು ಒಬ್ಬಳು ಕೇಳಿದಳು. ಗಡಿಯಾರ ನೋಡಿ, ಕಿಟಕಿಗೆ ದಪ್ಪ ಪರದೆ ಹಾಕಿಕೊಂಡು ಮಲಗುವರೆಂದೆವು.

ಇನ್ನು ಚಳಿ. ನಮ್ಮ ಮಕ್ಕಳಿಗೆ ಗೊತ್ತಿರುವ ಹಿಮವೆಂದರೆ ಗವಿಸಿದ್ಧೇಶ್ವರ ಜಾತ್ರೆಯಲ್ಲಿ ಮಾರುವ ಬಣ್ಣದ ಬರ್ಫ. ಆದುದರಿಂದ ಬರ್ಫದ ಗಡ್ಡೆಯನ್ನೇ ತರಿಸಿ ಒಂದು ಪಾತ್ರೆಯ ನೀರಿನಲ್ಲಿ ಹಾಕಿದೆವು. ಒಬ್ಬೊಬ್ಬರೂ ಬೆರಳಿಟ್ಟು, “ಸುಡ್ತೈತ್ರಿ!” ಎಂದು ಎಳೆದುಕೊಂಡರು. ಬಹಳ ತಣ್ಣನೆಯದೂ ಸುಟ್ಟಂತೆಯೇ ಅನಿಸುವುದೆಂದು ಅವರೇ ಕಂಡುಕೊಂಡರು. ಆಮೇಲೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ವನಸ್ಪತಿಯನ್ನು ತುಂಬಿ, ಅದರೊಳಗೆ ಇನ್ನೊಂದು ಚೀಲವನ್ನಿಟ್ಟು, ಒಳಚೀಲದಲ್ಲಿ ಕೈ ತೂರಿಸಿ ಅದೇ ನೀರಿನಲ್ಲಿ ಮುಳುಗಿಸಲು ಹೇಳಿದೆವು. ಈ ಸಲ ಯಾರೂ ಕೈ ಎಳೆದುಕೊಳ್ಳಲಿಲ್ಲ. ಸೀಲ್, ತಿಮಿಂಗಿಲ, ಬಿಳಿಯ ಕರಡಿ ಇವೆಲ್ಲ ತೊಗಲಿನ ಕೆಳಗೆ ಕೊಬ್ಬಿನ ದಪ್ಪ ಕಂಬಳಿಯನ್ನು ಹೊದ್ದಿರುವುವೆಂಬುದನ್ನು ಹೇಳಲು ಬೇರೆ ಮಾತು ಬೇಕಾಗಲಿಲ್ಲ.

ಕರಡಿಯ ಬಣ್ಣದ ಸಂಗತಿ ಮಾತ್ರ ಅಷ್ಟು ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ನಮ್ಮ ಸೀಮೆಯ ಕಲ್ಲುಗುಡ್ಡಗಳಲ್ಲಿ ಕರಡಿ ಉಂಟು. ತುಂಗಭದ್ರೆಯ ಆಚೆ ದರೋಜಿಯಲ್ಲಿ ಕರಡಿಧಾಮವೇ ಉಂಟು. “ಕರಡಿ ಕರ್ರಗ ಇರ್ತೈತಿ, ಬೆಳ್ಳಗ ಇರೂದಿಲ್ಲ” ಎಂದು ಹುಡುಗರು ಹಟ ಹಿಡಿದರು. ಆಗ, ಸೇರಿದಂದಿನಿಂದ ಬಾಯಿಬಿಟ್ಟು ಮಾತಾಡದಿದ್ದ ಒಂದು ಹುಡುಗಿಯು ನೆಲ ನೋಡುತ್ತ, “ಅದರ ತಲಿ ಬೋಳಿಸಿದ್ರ?” ಎಂದಳು. ಎಲ್ಲರೂ ನಕ್ಕರು. ನಾವು ನಗಲಿಲ್ಲ, ಅದೇಕೆಂದರೆ ಅದೇ ಸರಿಯಾದ ಪ್ರಶ್ನೆಯಾಗಿತ್ತು. ಆ ಕರಡಿಯ ಕೂದಲನ್ನೆಲ್ಲ ಬೋಳಿಸಿದರೆ ಒಳಗಿನ ತೊಗಲು ಕಪ್ಪಾಗಿಯೇ ಇರುವುದು! ಕೂದಲಾದರೂ ನಿಜವಾಗಿ ಬಿಳಿಯದಲ್ಲ. ಅದಕ್ಕೆ ಬಣ್ಣವೇ ಇಲ್ಲ, ಮೇಲ್ಗೂದಲು ಒಳಗೆ ಟೊಳ್ಳು. ಬೆಳಕು ಅದರ ಮೇಲೆ ಬಿದ್ದು ಚೆದರುವುದರಿಂದ ನಮ್ಮ ಕಣ್ಣಿಗೆ ಬಿಳುಪಾಗಿ ತೋರುವುದು.

ಮರುದಿನ ಆ ಹುಡುಗಿಯು ಮುಷ್ಟಿಯಲ್ಲಿ ಏನನ್ನೋ ಹಿಡಿದುಕೊಂಡು ಬಂದಳು. ತೆರೆದು ನೋಡಿದರೆ ಒಂದು ನರೆಗೂದಲು. ಆಕೆಯ ತಾಯಿಯು ಕೂದಲು ಬಿಡಿಸುವಾಗ ನರೆತುದನ್ನು ಬೇರೆ ತೆಗೆದಿಡುವಳಂತೆ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, “ನೋಡ್ರಿ ಅಕ್ಕೋರ, ಇದಕ್ಕೂ ಬಣ್ಣ ಇಲ್ಲ” ಎಂದಳು. ನಾವು ನೋಡಿದೆವು, ಹೌದು, ನರೆಗೂದಲಿಗೂ ಬಣ್ಣವಿಲ್ಲ, ಅದೂ ಬೆಳಕಿನಿಂದಲೇ ಬಿಳುಪು. ಇಪ್ಪತ್ತು ವರುಷಗಳಿಂದ ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಳ್ಳುವ ನಮಗೆ ಹೊಳೆಯದಿದ್ದುದು ಆ ಕೂಸಿಗೆ ಹೊಳೆಯಿತು. ಆ ದಿನವೆಲ್ಲ ಅವಳು ಮಾತಾಡಿದಳು. ಕೂದಲಿನ ಮನೆಯ ಹುಡುಗಿಯೆಂದು ಹಿಂದೆ ಸರಿದು ಕೂಡ್ರುತ್ತಿದ್ದವಳನ್ನು ಉಳಿದ ಮಕ್ಕಳು ಸುತ್ತುಗಟ್ಟಿ ಕೇಳತೊಡಗಿದರು.

ನಾಲ್ಕನೆಯ ದಿನದ ಪಾಠ ಪೆಂಗ್ವಿನ್ನಿನದು. ಹದಿನೇಳು ಹದಿನೆಂಟು ಜಾತಿಯ ಪೆಂಗ್ವಿನ್‌ಗಳಲ್ಲಿ ಎಲ್ಲಕ್ಕೂ ದೊಡ್ಡದಾದ ಚಕ್ರವರ್ತಿ ಪೆಂಗ್ವಿನ್ನಿನ ಸಂಸಾರವು ವಿಚಿತ್ರವಾದುದು. ಅಲ್ಲಿಯ ಚಳಿಗಾಲದ ಮೊದಲಲ್ಲಿ ತಾಯಿಯು ಒಂದೇ ಒಂದು ಮೊಟ್ಟೆಯಿಟ್ಟು, ಅದನ್ನು ತಂದೆಗೊಪ್ಪಿಸಿ, ಆಹಾರಕ್ಕಾಗಿ ಸಮುದ್ರಕ್ಕೆ ಹೊರಡುವಳು. ಆ ದಾರಿ ಎಷ್ಟೋ ಸಲ ಕೊಪ್ಪಳದಿಂದ ಗಂಗಾವತಿಗೆ ನಡೆದುಹೋಗುವಷ್ಟು ಇಲ್ಲವೆ ಅದಕ್ಕೂ ಹೆಚ್ಚು. ಗೂಡು ಕಟ್ಟಲು ಅಲ್ಲಿ ಕಡ್ಡಿಯಿಲ್ಲ. ತಂದೆಯು ಮೊಟ್ಟೆಯನ್ನು ಪಾದಗಳ ಮೇಲಿಟ್ಟುಕೊಂಡು, ಹೊಟ್ಟೆಯ ತೊಗಲಿನ ಮಡಿಕೆಯನ್ನು ಅದರ ಮೇಲೆ ಮುಚ್ಚಿ, ಸುಮಾರು 65 ದಿನ ಉಪವಾಸವಿದ್ದು ಕಾವು ಕೊಡುವನು. ಗಾಳಿ ಬಲವಾದಾಗ ತಂದೆಗಳೆಲ್ಲ ಒತ್ತಟ್ಟಿಗೆ ಗುಂಪಾಗಿ ನಿಲ್ಲುವರು. ಹೊರಗಿನವರು ಮೆಲ್ಲಮೆಲ್ಲನೆ ಒಳಕ್ಕೆ ಬರುವರು, ಒಳಗಿನವರು ಹೊರಕ್ಕೆ ಬರುವರು. ಹುಡುಗರು ಪಾದಗಳ ಮೇಲೆ ಚೆಂಡನ್ನಿಟ್ಟುಕೊಂಡು ಅಂಗಳದಲ್ಲಿ ಹೀಗೆಯೇ ನಡೆದಾಡಿದರು. ಚೆಂಡು ಜಾರಿ ಬಿದ್ದವರನ್ನು ಕಂಡು ಉಳಿದವರು ನಗಲಿಲ್ಲ; ಮೊಟ್ಟೆ ಬಿದ್ದಿತೆಂದು ಎತ್ತಿಕೊಡಲು ಓಡಿದರು.

ಆಟದ ನಡುವೆ ಒಬ್ಬ ಹುಡುಗನು ಚೆಂಡನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ಹತ್ತಿರ ಬಂದು, “ಅವರವ್ವ ಹೊಳ್ಳಿ ಬರ್ತಾಳೇನ್ರಿ?” ಎಂದು ಕೇಳಿದನು. ಈತನ ತಾಯಿಯು ದುಡಿಮೆಗೆಂದು ಗೋವೆಗೆ ಹೋಗಿ ಆರು ತಿಂಗಳಾಗಿತ್ತು. ಹುಡುಗನು ಅಜ್ಜಿಯ ಹತ್ತಿರ ಇದ್ದನು. ಅವನು ಯಾರ ಅವ್ವನನ್ನು ಕೇಳುತ್ತಿದ್ದನೆಂಬುದು ನಮಗೆ ತಿಳಿಯದೆ ಇರಲಿಲ್ಲ. ಸಮುದ್ರದಲ್ಲಿ ಚಿರತೆ ಸೀಲ್ ಎಂಬ ಬೇಟೆಗಾರನಿರುವನು. ಎಲ್ಲ ತಾಯಂದಿರೂ ಮರಳುವುದಿಲ್ಲ. ಅದನ್ನು ಆ ಕೂಸಿಗೆ ಹೇಳುವುದೆ? ಹಾಗೆಂದು ಅವನ ತಾಯಿಯು ನಾಳೆಯೇ ಬರುವಳೆಂದು ಹೇಳಲು ನಾವು ಯಾರು? ಮೊದಲ ದಿನ ಸುಳ್ಳು ಚಿತ್ರ ತೋರಿಸಿ ತಿದ್ದಿಕೊಂಡವರು ನಾವು. ಕೊನೆಗೆ ನಮಗೆ ತಿಳಿದುದನ್ನಷ್ಟೇ ಹೇಳಿದೆವು: “ಬಹಳ ಮಂದಿ ತಾಯಂದಿರು ಬರುತ್ತಾರಪ್ಪ. ಮರಿ ಹೊರಬರುವ ಹೊತ್ತಿಗೆ ಹೊಟ್ಟೆ ತುಂಬ ಮೀನು ತುಂಬಿಕೊಂಡು ನಡೆದು ಬರುತ್ತಾರೆ. ಬಂದು ಕೂಗುತ್ತಾರೆ. ಸಾವಿರ ಕೂಗಿನಲ್ಲಿ ತನ್ನವಳ ಕೂಗು ಯಾವುದೆಂದು ತಂದೆಗೆ ಗೊತ್ತಾಗುತ್ತದೆ. ಬರುವುದು ತಡವಾದರೆ ತಂದೆಯೇ ತನ್ನ ಗಂಟಲಿನಿಂದ ಹಾಲಿನಂಥ ಗುಟುಕನ್ನು ಮರಿಗೆ ಕೊಡುತ್ತಾನೆ.” ಹುಡುಗನು ಸುಮ್ಮನೆ ಕೇಳಿ, ಚೆಂಡನ್ನು ಮತ್ತೆ ಪಾದಗಳ ಮೇಲಿಟ್ಟುಕೊಂಡನು.

ಆ ರವಿವಾರ ತಾಯಿಯ ಫೋನು ಬಂದಾಗ ಅವನು, “ಮಾತಾಡಬ್ಯಾಡ, ಕೂಗು” ಎಂದನಂತೆ. ಅಜ್ಜಿಗೆ ಏನೂ ಅರ್ಥವಾಗದೆ ನಮ್ಮನ್ನು ಕೇಳಲು ಬಂದಳು. ತಿಳಿಸಿದೆವು, ಕಣ್ಣೊರೆಸಿಕೊಂಡು ಹೋದಳು. ಯುಗಾದಿಗೆ ಆ ತಾಯಿಯು ಬಂದು ನಾಲ್ಕು ದಿನವಿದ್ದು ಮತ್ತೆ ಹೋದಳು. ಈ ಸಲ ಹುಡುಗನು ಅಳಲಿಲ್ಲವೆಂದು ಬರೆದರೆ ಸುಳ್ಳಾದೀತು. ಅತ್ತನು. ಆದರೆ ಅತ್ತು ಮುಗಿಸಿ ಶಾಲೆಗೆ ಬಂದು, “ಅವ್ವ ಸಮುದ್ರಕ್ಕ ಹೋಗ್ಯಾಳ” ಎಂದು ಎಲ್ಲರಿಗೂ ಹೇಳಿದನು. ಗೋವೆಯಲ್ಲಿ ಸಮುದ್ರವಿರುವುದರಿಂದ ಅದೂ ಸುಳ್ಳಾಗಿರಲಿಲ್ಲ.

ಅಲ್ಲಿಗೆ ನಮ್ಮವರು ಹೋಗಿರುವರೇ ಎಂದು ಕೇಳಿದ ಮಕ್ಕಳಿಗೆ ಹೌದೆಂದು ಹೇಳಲು ನಮಗೆ ಹೆಮ್ಮೆಯಾಯಿತು. ಡಾಕ್ಟರ ಖಾಸಿಂ ಅವರ ಮುಂದಾಳುತನದಲ್ಲಿ ಭಾರತದ ಮೊದಲ ತಂಡವು 1982ನೆಯ ಜನವರಿಯಲ್ಲಿ ದಕ್ಷಿಣದ ಹಿಮಖಂಡದಲ್ಲಿ ಇಳಿಯಿತು. ಮೊದಲು ಕಟ್ಟಿದ ‘ದಕ್ಷಿಣ ಗಂಗೋತ್ರಿ’ಯು ಹಿಮದಲ್ಲಿ ಹೂತುಹೋಯಿತು, 1989ರ ‘ಮೈತ್ರಿ’ಯೂ 2012ರ ‘ಭಾರತಿ’ಯೂ ಆಮೇಲೆ ಬಂದವು. ಉತ್ತರದಲ್ಲಿ 2008ರಿಂದ ‘ಹಿಮಾದ್ರಿ’ ಇದೆ. ಉತ್ತರದ ಸಮುದ್ರದ ಹಿಮವು ಬೇಸಗೆಯಿಂದ ಬೇಸಗೆಗೆ ಕಿರಿದಾಗುತ್ತ ಬಂದಿರುವುದನ್ನು 1979ರಿಂದ ಉಪಗ್ರಹಗಳು ಅಳೆಯುತ್ತಿವೆ. ಆ ಹಿಮದ ಮೇಲೆ ನಿಂತೇ ಸೀಲ್ ಹಿಡಿಯಬೇಕಾದ ಕರಡಿಗೆ ಅದು ಅನ್ನದ ಪ್ರಶ್ನೆ. ಈ ಭಾರವನ್ನು ನಾಲ್ಕು ವರುಷದ ಹೆಗಲಿಗೆ ಹೊರಿಸಲು ನಮಗೆ ಮನಸ್ಸಾಗಲಿಲ್ಲ. ಮೊದಲು ಆ ಪ್ರಾಣಿಗಳು ಅವರಿಗೆ ಬೇಕಾದವಾಗಲಿ. ಚಿಂತೆಯು ತಾನಾಗಿ ಹಿಂದಿನಿಂದ ಬಂದೀತು.

ಮನೆಯಲ್ಲಿ ಸಣ್ಣ ಮಕ್ಕಳುಳ್ಳ ವಾಚಕರಿಗೆ ನಾವು ಬಿನ್ನವಿಸುವುದಿಷ್ಟೆ. ದೂರದ ದೇಶವನ್ನು ತೋರಿಸಲು ದುಬಾರಿಯ ಆಟಿಗೆಗಳು ಬೇಡ. ಬುಗುರಿ, ದೀಪ, ಬರ್ಫ, ವನಸ್ಪತಿ, ಒಂದು ನರೆಗೂದಲು ಇವು ಎಲ್ಲರ ಮನೆಯಲ್ಲಿಯೂ ದೊರೆಯುವುವು. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ‘ಬಾಲಪ್ರಪಂಚ’ವನ್ನು ರಚಿಸಿ ಕನ್ನಡದ ಮಕ್ಕಳ ಮುಂದೆ ಜಗತ್ತನ್ನು ತಂದಿರಿಸಿದರು, ನಾವು ಒಂದು ಸಂಜೆಯ ಹೊತ್ತನ್ನಾದರೂ ಅದಕ್ಕಾಗಿ ಕೊಡಬಾರದೆ? ಮಗುವಿನ ಪ್ರಶ್ನೆಗೆ ನಗದಿರಿ. ತಿಳಿಯದಿದ್ದರೆ ನಾಳೆ ಹೇಳುವೆನೆನ್ನಿರಿ; ತಪ್ಪಿದರೆ ತಿದ್ದಿಕೊಳ್ಳಿರಿ.

ಬಾಗಿಲಲ್ಲಿ ನಿಂತು ಕೇಳಿದ್ದ ನೇಕಾರ ಅಜ್ಜನು ಹತ್ತು ದಿನಗಳ ಮೇಲೆ ಮತ್ತೆ ಬಂದನು. ಮೊಮ್ಮಗನು ರಾತ್ರಿ ಮಲಗುವ ಮುಂಚೆ ಅವನ ಪಾದಗಳ ಮೇಲೆ ಚೆಂಡನ್ನಿಟ್ಟು, ಮೇಲೆ ಧೋತರದ ಸೆರಗು ಮುಚ್ಚಿ, ಅಲುಗಾಡಬೇಡವೆಂದು ಹೇಳಿ ಮಲಗುವನಂತೆ. “ಎಷ್ಟು ದಿನಾರೀ ಅಕ್ಕೋರ, ಇದು?” ಎಂದು ಕೇಳಿದನು. ಅರವತ್ತೈದು ದಿನವೆಂದೆವು. ಅಜ್ಜನು ಬೆರಳೆಣಿಸಿ, “ಇನ್ನ ಐವತ್ತೇಳು ಉಳದಾವು” ಎಂದು ಹೊರಟುಹೋದನು.